ತಂದೆಯವರ ಯೆಜ್ಡಿ ಕಲಿಸಿದ ಪಾಠ

ಓಂ ಶ್ರೀ ಗುರುಬಸವಲಿಂಗಾಯ ನಮಃ



ಶ್ರೀಮಠದ ಈ ಪುಟಗಳಲ್ಲಿ ಬಸವಾದಿ ಶರಣರ ವಚನಗಳ ಅಂತರಾರ್ಥವನ್ನು ಬಲ್ಲವರು ಬಿಡಿಸಿ ಹೇಳುತ್ತಾ ಬಂದಿದ್ದಾರೆ. ಅದನ್ನು ಓದಿ ಧನ್ಯರಾದವರಲ್ಲಿ ನಾನೂ ಒಬ್ಬ. ನಾನು ಪಂಡಿತನಲ್ಲ. ಟಿ. ದಾಸರಹಳ್ಳಿಯ ನಿವಾಸಿ, ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ 31 ವರ್ಷ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತು 2022ರಲ್ಲಿ ನಿವೃತ್ತನಾದವನು. ಶಿವಾನುಭವ ಗೋಷ್ಠಿಯೊಂದು ಮುಗಿದ ಮೇಲೆ ಪೂಜ್ಯ ಬುದ್ಧಿಯವರು, "ನಿಮ್ಮ ಗಾಡಿಯ ಕಥೆಯನ್ನು ಬರೆಯಿರಿ, ನಾಲ್ಕು ಜನಕ್ಕೆ ಉಪಯೋಗವಾದೀತು" ಎಂದು ಅಪ್ಪಣೆ ಕೊಡಿಸಿದರು. ಅದು ಹೆಮ್ಮೆಯ ಕಥೆಯಲ್ಲ, ನನ್ನ ತಪ್ಪೊಂದರ ಕಥೆ. ಗುರುವಿನ ಅಪ್ಪಣೆಯನ್ನು ಮೀರಲಾರದೆ ಬರೆಯುತ್ತಿದ್ದೇನೆ.

ನನ್ನ ತಂದೆಯವರು 1985ರಲ್ಲಿ ಯೆಜ್ಡಿ ರೋಡ್‌ಕಿಂಗ್ ಮೋಟಾರ್‌ಸೈಕಲ್ಲೊಂದನ್ನು ಸಾಲ ಮಾಡಿ ಕೊಂಡರು. ಅವರೂ ಪೀಣ್ಯದ ಕಾರ್ಮಿಕರೇ. ಆ ಕಾಲಕ್ಕೆ ದಾಸರಹಳ್ಳಿಯಲ್ಲಿ ಮೋಟಾರ್‌ಸೈಕಲ್ ಇದ್ದ ಮನೆಗಳು ವಿರಳ. ಬೆಳಗಿನ ಪಾಳಿಗೆ ಹೊರಟರೆ ಅದರ ಸದ್ದಿಗೇ ನಮ್ಮ ಬೀದಿಯವರು ಗಡಿಯಾರ ನೋಡದೆ ಹೊತ್ತು ತಿಳಿಯುತ್ತಿದ್ದರು. ವರ್ಷಕ್ಕೆ ನಾಲ್ಕಾರು ಬಾರಿ ನನ್ನ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ತುಮಕೂರು ರಸ್ತೆ ಹಿಡಿದು ಸಿದ್ಧಗಂಗೆಗೆ ಹೋಗಿ, ಪರಮಪೂಜ್ಯ ಶಿವಕುಮಾರ ಸ್ವಾಮಿಗಳವರ ದರ್ಶನ ಪಡೆದು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಕತ್ತಲಾಗುವ ಮುಂಚೆ ಮನೆ ಸೇರುತ್ತಿದ್ದರು. ನನಗೆ ಗಾಡಿ ನಡೆಸಲು ಕಲಿಸಿದವರೂ ಅವರೇ. ಅವರು ಹೇಳುತ್ತಿದ್ದುದು ಒಂದೇ ಮಾತು: "ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲೇ ಇರಲಿ ಮಗಾ. ಟೂ ಸ್ಟ್ರೋಕ್ ಗಾಡಿ ಯಾವಾಗ ಹಿಡಿದುಕೊಳ್ಳುತ್ತದೋ ಹೇಳಲಾಗದು." ಆ ಮಾತಿನ ಬೆಲೆ ನನಗೆ ತಿಳಿದದ್ದು 38 ವರ್ಷಗಳ ನಂತರ.

ಈ ಗಾಡಿಯ ಹುಟ್ಟೂರು ನಮ್ಮ ಮೈಸೂರು. ಜಾವಾ ಎಂಬುದು 1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಹೆಸರು. ಆಯುಧಗಳನ್ನು ತಯಾರಿಸುತ್ತಿದ್ದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದರು; ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಆಯಿತು. ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಇರಾನಿಯವರು ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 250 ಸಿಸಿ ವರ್ಗದ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು, 16 ಅಶ್ವಶಕ್ತಿ, ನಾಲ್ಕು ಗೇರು. ಕಿಕ್ ಮಾಡುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಲಿವರು. ಅದರ ಕಾಲದಲ್ಲಿ ಅದು ಯುವಕರ ಕಣ್ಣು ಕುಕ್ಕಿದ ವೇಗದ ಗಾಡಿ. ಮುಂದೆ ಕಡಿಮೆ ಪೆಟ್ರೋಲು ಕುಡಿಯುವ ಹೊಸ ಗಾಡಿಗಳ ಪೈಪೋಟಿ ಬಂದಿತು, ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಖಾನೆಯೊಳಗೂ ತೊಂದರೆಗಳಿದ್ದವು. 1996ರಲ್ಲಿ ಅದು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಸಂಸ್ಥೆಯ ಹೊಸ ಗಾಡಿಗಳ ಮೇಲೆ ಮರಳಿ ಬಂದವಾದರೂ, ಮೈಸೂರಿನ ಆ ಟೂ ಸ್ಟ್ರೋಕ್ ಗಾಡಿಗಳು ಮತ್ತೆ ಹುಟ್ಟಲಿಲ್ಲ. ಇರುವವನ್ನು ಉಳಿಸಿಕೊಳ್ಳುವುದಷ್ಟೇ ಉಳಿದಿರುವ ದಾರಿ.

ತಂದೆಯವರ ಕಾಲುಗಳಲ್ಲಿ ಶಕ್ತಿ ಕುಂದಿದಾಗ, 2007ರಲ್ಲಿ, ಗಾಡಿ ಮೆಟ್ಟಿಲ ಕೆಳಗೆ ಸೇರಿತು. ಅದರ ಮೇಲೊಂದು ತಾಡಪಾಲು, ತಾಡಪಾಲಿನ ಮೇಲೆ ಹಳೆಯ ಪೇಪರು, ಒಡೆದ ಬಕೆಟ್ಟು. 2009ರಲ್ಲಿ ಅವರು ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ನನ್ನನ್ನು ಕರೆದು, "ಒಂದು ಸಲ ಸ್ಟಾರ್ಟ್ ಮಾಡಿಸು ಮಗಾ, ಆ ಶಬ್ದ ಕೇಳಬೇಕು ಅನ್ನಿಸುತ್ತಿದೆ" ಎಂದರು. ಕಾರ್ಖಾನೆಯಲ್ಲಿ ಆಗ ಓವರ್‌ಟೈಮಿನ ದಿನಗಳು. "ಈ ಭಾನುವಾರ ಮಾಡಿಸುತ್ತೇನೆ ಅಪ್ಪಾಜಿ" ಎಂದೆ. ಆ ಭಾನುವಾರ ಹೋಯಿತು, ಇನ್ನೊಂದು ಹೋಯಿತು. ಅವರು ಮತ್ತೆ ಕೇಳಲಿಲ್ಲ. ಮೂರು ತಿಂಗಳಿಗೆ ಲಿಂಗೈಕ್ಯರಾದರು. ದೊಡ್ಡ ಸೇವೆಯನ್ನೇನೂ ಅವರು ಕೇಳಿರಲಿಲ್ಲ. ಒಂದು ಶಬ್ದವನ್ನು ಕೇಳಿದ್ದರು. ಅದನ್ನೂ ನಾನು ಕೊಡಲಿಲ್ಲ.

ನಿವೃತ್ತನಾದ ಮರುವಾರವೇ ತಾಡಪಾಲನ್ನು ತೆಗೆದೆ. ಹದಿನೈದು ವರ್ಷದ ಧೂಳಿನ ಕೆಳಗೆ ಟ್ಯಾಂಕಿನ ಬಣ್ಣ ಪೊರೆಪೊರೆಯಾಗಿ ಎದ್ದಿತ್ತು. ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ಮಗಳು, "ಇದನ್ನು ಗುಜರಿಗೆ ಕೊಟ್ಟು ಒಂದು ಹೊಸ ಸ್ಕೂಟರು ತೆಗೆದುಕೊಳ್ಳಿ ಅಪ್ಪಾಜಿ" ಎಂದಳು. ಅವಳಿಗೆ ತಾತನ ಕೊನೆಯ ಮಾತು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನಮ್ಮ ಸುತ್ತಮುತ್ತ ಇಂಥ ಕೆಲಸಕ್ಕೆ ಬೇಕಾದ ಕೈಗಳಿಗೆ ಬರವಿಲ್ಲ. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯದಲ್ಲಿ ಲೇತು, ಮಿಲ್ಲಿಂಗು, ಬೋರಿಂಗು, ಪ್ಲೇಟಿಂಗು, ಪೌಡರ್ ಕೋಟಿಂಗು ಎಲ್ಲವೂ ಕೂಗಳತೆಯಲ್ಲಿ ಸಿಗುತ್ತವೆ. ನಾನು ಮೊದಲು ಹಿಡಿದದ್ದು ಕಣ್ಣಿಗೆ ಕಾಣುವ ಕೆಲಸವನ್ನು. ಟ್ಯಾಂಕಿನೊಳಗೆ ಹಿಡಿ ನಟ್ಟುಬೋಲ್ಟು ಹಾಕಿ ಕುಲುಕಿ ಕುಲುಕಿ ತುಕ್ಕನ್ನು ಉದುರಿಸಿದೆ. ಚಾಸಿಸಿಗೆ ಕಪ್ಪು ಬಣ್ಣ ಹೊಡೆಸಿದೆ. ಎರಡೂ ಸೈಲೆನ್ಸರುಗಳಿಗೆ, ಹ್ಯಾಂಡಲಿಗೆ, ಚಕ್ರದ ರಿಮ್ಮುಗಳಿಗೆ ಕ್ರೋಮ್ ಮಾಡಿಸಿದೆ. ಟ್ಯಾಂಕಿಗೆ ತಂದೆಯವರ ಕಾಲದ್ದೇ ಕೆಂಪು ಬಣ್ಣ, ಹೊಸ ಸೀಟು, ಹೊಸ ಟೈರು. ಎಂಜಿನ್ನಿನ ಹೊರಮೈಯನ್ನು ಕನ್ನಡಿಯಂತೆ ಉಜ್ಜಿಸಿದೆ. ನೋಡಿದವರು ಬೆರಗಾದರು.

ಎಂಜಿನ್ನಿನ ಒಳಗನ್ನು ನೋಡಿದವರು 8ನೇ ಮೈಲಿಯ ಬಳಿಯ ವೃದ್ಧ ಮೆಕ್ಯಾನಿಕ್ ಒಬ್ಬರು. ಯೆಜ್ಡಿಗಳ ನಡುವೆಯೇ ತಲೆ ನರೆಸಿಕೊಂಡವರು. ಅವರು ಕಾರ್ಬ್ಯುರೇಟರನ್ನು ತೊಳೆದು, ಪಾಯಿಂಟು ಸರಿಮಾಡಿ, ಪ್ಲಗ್ಗು ಬದಲಿಸಿದರು. ಏಳೆಂಟು ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂದಿತು. ಅವರು ಮಾತ್ರ ಕಿವಿಗೊಟ್ಟು ಕೇಳಿ, ಥ್ರಾಟಲ್ ಬಿಟ್ಟು ಮತ್ತೆ ಕೇಳಿ ಹೇಳಿದರು: "ಸಾರ್, ಕೈ ಬಿಟ್ಟರೂ ಇಂಜಿನ್ ತಟ್ಟನೆ ಇಳಿಯುತ್ತಿಲ್ಲ, ನೋಡಿ. ಕ್ರ್ಯಾಂಕಿನ ಸೀಲು ಕಲ್ಲಾಗಿವೆ, ಗಾಳಿ ಎಳೆಯುತ್ತಿದೆ. ಇಂಜಿನ್ ಇಳಿಸಿ ಪೂರಾ ಬಿಚ್ಚಬೇಕು. ಅಲ್ಲಿಯವರೆಗೂ ದೂರ ಹೋಗಬೇಡಿ."

ಅವರ ಮಾತು ಏಕೆ ಮುಖ್ಯ ಎಂಬುದನ್ನು ಓದುಗರಿಗೆ ತಿಳಿಸಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಆಯಿಲು, ಗಾಳಿ ಮೂರೂ ಬೆರೆತು ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬರುತ್ತವೆ. ಪಿಸ್ಟನ್ನು ಕೆಳಗಿಳಿದಾಗ ಒತ್ತಡಕ್ಕೆ ಸಿಕ್ಕಿ ಮೇಲಿನ ಕೋಣೆಗೆ ಏರುತ್ತವೆ. ಆ ಕ್ರ್ಯಾಂಕ್‌ಕೇಸು ಗಾಳಿಯಾಡದಂತೆ ಭದ್ರವಾಗಿರಬೇಕು. ಭದ್ರತೆಯನ್ನು ಕಾಯುವುದು ಶಾಫ್ಟಿನ ಎರಡು ಬದಿಯಲ್ಲಿ ಕುಳಿತ ರಬ್ಬರಿನ ಸೀಲುಗಳು. ಹೊರಗಿನಿಂದ ಅವು ಕಾಣುವುದೇ ಇಲ್ಲ. ವರ್ಷಗಟ್ಟಲೆ ಓಡದೆ ನಿಂತ ಗಾಡಿಯಲ್ಲಿ ರಬ್ಬರು ಗಟ್ಟಿಯಾಗಿ ತುಟಿ ಬಿರಿಯುತ್ತದೆ. ಆ ಬಿರುಕಿನಿಂದ ಲೆಕ್ಕಕ್ಕೆ ಮೀರಿದ ಗಾಳಿ ಒಳಸೇರುತ್ತದೆ. ಇಂಧನ ಕಡಿಮೆ, ಗಾಳಿ ಹೆಚ್ಚು ಎಂದಾದಾಗ ಶಾಖ ಏರುತ್ತದೆ. ಈ ಎಂಜಿನ್ನಿಗೆ ಆಯಿಲು ಸಿಗುವುದೇ ಪೆಟ್ರೋಲಿನ ಜೊತೆಯಲ್ಲಿ. ಆದ್ದರಿಂದ ಇಂಧನ ತಗ್ಗಿದಷ್ಟೂ ಜಿಡ್ಡೂ ತಗ್ಗುತ್ತದೆ. ಬೀದಿಯಲ್ಲಿ ಎರಡು ಸುತ್ತು ಬಂದರೆ ಏನೂ ತಿಳಿಯುವುದಿಲ್ಲ. ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಆ ಕ್ಷಣದಲ್ಲೇ ನಿಂತುಬಿಡುತ್ತದೆ.

ಇದೆಲ್ಲ ನನಗೆ ತಿಳಿಯದ ವಿಷಯವಲ್ಲ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅಳೆಯುವುದೇ ನನ್ನ ಕಾಯಕವಾಗಿತ್ತು. ಅಳತೆ ತಪ್ಪಿದ ತುಣುಕನ್ನು ಪಕ್ಕಕ್ಕೆ ಎಸೆಯುತ್ತಿದ್ದವನು ನಾನು. ಆದರೆ 2023ರ ಬಸವ ಜಯಂತಿ ಹತ್ತಿರದಲ್ಲಿತ್ತು. ನಮ್ಮ ಬಡಾವಣೆಯ ಮೆರವಣಿಗೆಯಲ್ಲಿ ಬಸವಣ್ಣನವರ ಭಾವಚಿತ್ರದ ರಥದ ಮುಂದೆ ಆ ಕೆಂಪು ಗಾಡಿಯನ್ನು ನಡೆಸಬೇಕೆಂಬ ಆಸೆ ನನ್ನೊಳಗೆ ಬೆಳೆದಿತ್ತು. ಎಂಜಿನ್ ಬಿಚ್ಚಿದರೆ ಎರಡು ತಿಂಗಳು. "ಜಯಂತಿ ಮುಗಿಯಲಿ, ಆಮೇಲೆ ಬಿಚ್ಚೋಣ" ಎಂದೆ. ನೋಂದಣಿ 2010ಕ್ಕೇ ಮುಗಿದಿತ್ತು. ದಂಡ ಕಟ್ಟಿ, ಸಾರಿಗೆ ಕಚೇರಿಯಲ್ಲಿ ಗಾಡಿಯನ್ನು ತೋರಿಸಿ ಐದು ವರ್ಷಕ್ಕೆ ನವೀಕರಿಸಿಕೊಂಡೆ. ವಿಮೆಯನ್ನೂ ಮಾಡಿಸಿದೆ. ಕಾಗದಗಳೆಲ್ಲ ಸರಿಯಾದವು. ಎಂಜಿನ್ನಿನ ವೇಗ ಇಳಿಯದಿರುವ ದೋಷವನ್ನು ಐಡಲ್ ಸ್ಕ್ರೂವನ್ನು ಸ್ವಲ್ಪ ತಿರುಗಿಸಿ ಮರೆಮಾಚಿದೆ. ರೋಗವನ್ನು ಹಾಗೆಯೇ ಬಿಟ್ಟು ಅದರ ಗುರುತನ್ನು ಮಾತ್ರ ಅಳಿಸಿದೆ.

ಜಯಂತಿಯ ದಿನ ಹಿರಿಯರು ಬೆನ್ನು ತಟ್ಟಿದರು. ಯುವಕರು ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಯಾರೋ ಒಬ್ಬರು, "ನಿಮ್ಮ ತಂದೆಯವರು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ" ಎಂದರು. ಆ ಮಾತಿಗೆ ನಾನು ತಲೆತಗ್ಗಿಸಬೇಕಾಗಿತ್ತು. ಬದಲಿಗೆ ಉಬ್ಬಿದೆ.

ಮರುವಾರ ಮಗಳನ್ನು ಕರೆದೆ: "ಬಾರಮ್ಮ, ನಿಮ್ಮ ತಾತನ ಹಾಗೆ ಸಿದ್ಧಗಂಗೆಗೆ ಹೋಗಿಬರೋಣ." ಮೆಕ್ಯಾನಿಕ್ ಹೇಳಿದ್ದ ಮಾತು ನೆನಪಿನಲ್ಲಿಯೇ ಇತ್ತು. "ನಿಧಾನವಾಗಿ ಹೋದರಾಯಿತು" ಎಂದು ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ನೆಲಮಂಗಲ ದಾಟಿತು. ರಸ್ತೆ ಅಗಲವಾಗಿತ್ತು, ಗಾಳಿ ತಂಪಾಗಿತ್ತು, ಗಾಡಿ ಸಲೀಸಾಗಿ ಓಡುತ್ತಿತ್ತು. ನಿಧಾನವಾಗಿ ಹೋಗಬೇಕೆಂಬುದು ಮರೆತುಹೋಯಿತು. ದಾಬಸ್‌ಪೇಟೆಗೆ ಇನ್ನೂ ಕೆಲವು ಕಿಲೋಮೀಟರು ಇರುವಾಗ ಎಂಜಿನ್ನಿನ ಸದ್ದಿನಲ್ಲಿ ಒಂದು ಕೀರಲು ಧ್ವನಿ ಬಂದಿತು. ಅದು ಏನೆಂದು ಯೋಚಿಸುವಷ್ಟರಲ್ಲಿ ಹಿಂದಿನ ಚಕ್ರ ಬಿಗಿದು ಗಾಡಿ ಓರೆಯಾಗಿ ಜಾರಿತು. ನನ್ನ ಬುದ್ಧಿ ಆ ಕ್ಷಣ ಕೆಲಸ ಮಾಡಲಿಲ್ಲ. ತಂದೆಯವರು ಕ್ಲಚ್ಚಿನ ಮೇಲೆ ಇರಿಸಿದ್ದ ಎರಡು ಬೆರಳುಗಳು ತಾವಾಗಿಯೇ ಮಡಿಚಿಕೊಂಡವು. ಚಕ್ರ ಬಿಡುಗಡೆಯಾಯಿತು. ಗಾಡಿ ತೂರಾಡುತ್ತಾ ರಸ್ತೆಯ ಅಂಚಿಗೆ ಬಂದು ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಹಾರನ್ ಒತ್ತುತ್ತಲೇ ನಮ್ಮನ್ನು ಸವರಿದಂತೆ ಮುಂದೆ ಹೋಯಿತು. ಡಾಂಬರಿನ ಮೇಲೆ ಟೈರಿನ ಕಪ್ಪು ಗೆರೆ ಮೂಡಿತ್ತು.

ಮಗಳು ಇಳಿದು ನಿಂತಳು. ಅವಳ ಕೈ ನಡುಗುತ್ತಿತ್ತು. ನನ್ನ ಮುಖವನ್ನೇ ನೋಡಿ ಕೇಳಿದಳು: "ಅಪ್ಪಾಜಿ, ಹೀಗೆ ಆಗಬಹುದು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲಮ್ಮ" ಎಂದೆ.

ಕೊರಳಲ್ಲಿ ಇಷ್ಟಲಿಂಗವಿತ್ತು. ಹಣೆಯಲ್ಲಿ ವಿಭೂತಿಯಿತ್ತು. ಹೋಗುತ್ತಿದ್ದುದು ಗುರುಸನ್ನಿಧಿಗೆ. ಬಾಯಲ್ಲಿ ಬಂದದ್ದು ಸುಳ್ಳು.

ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹಿಂದಿರುಗಿದೆವು. ದಾರಿಯಲ್ಲಿ ಪೀಣ್ಯದ ಮೇಲ್ಸೇತುವೆ ಬಂದಿತು. 2021ರ ಡಿಸೆಂಬರಿನಲ್ಲಿ ಆ ಸೇತುವೆಯನ್ನು ಮುಚ್ಚಿದ್ದು ನಮ್ಮ ಭಾಗದವರಿಗೆಲ್ಲ ನೆನಪಿದೆ. ಕಾಂಕ್ರೀಟಿನ ಒಳಗೆ ಸೇತುವೆಯನ್ನು ಬಿಗಿದು ಹಿಡಿದಿದ್ದ ಉಕ್ಕಿನ ಕೇಬಲ್ಲುಗಳಿಗೆ ತುಕ್ಕು ಹಿಡಿದಿತ್ತು. ಕೆಳಗೆ ಪ್ರತಿದಿನ ಓಡಾಡುವ ನಮಗೆ ಕಂಬಗಳು ಗಟ್ಟಿಯಾಗಿಯೇ ಕಾಣುತ್ತಿದ್ದವು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ಬಿಟ್ಟರು. ಅಷ್ಟು ದೊಡ್ಡ ಸೇತುವೆಯ ತುಕ್ಕನ್ನು ಪರೀಕ್ಷೆ ಮಾಡಿ ಕಂಡುಕೊಂಡು, ಜನರ ಬೈಗುಳವನ್ನು ಸಹಿಸಿ ಮುಚ್ಚಿದರು. ನನ್ನ ಅಂಗೈಯಗಲದ ಎಂಜಿನ್ನಿನ ದೋಷವನ್ನು ಬೇರೊಬ್ಬರು ಕಂಡು ಹೇಳಿದರೂ ನಾನು ಮುಚ್ಚಿಟ್ಟೆ.

ಆ ರಾತ್ರಿ ಲಿಂಗಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಮನುಷ್ಯ ತನ್ನೊಳಗನ್ನೂ ಹೊರಗನ್ನೂ ಒಂದೇ ಬಗೆಯಲ್ಲಿ ಶುಚಿಯಾಗಿ ಇಟ್ಟುಕೊಳ್ಳುವುದೇ ದೇವರನ್ನು ಒಲಿಸುವ ದಾರಿಯೆಂದು ಬಸವಣ್ಣನವರು ಹೇಳಿದ ವಚನವನ್ನು ನಾವೆಲ್ಲ ಬಾಲ್ಯದಿಂದ ಬಾಯಿಪಾಠ ಮಾಡಿದ್ದೇವೆ. ಸಭೆಗಳ ಆರಂಭದಲ್ಲಿ ಹಾಡುತ್ತೇವೆ. ಗೋಡೆಗಳ ಮೇಲೆ ಬರೆಸುತ್ತೇವೆ. ಅದರಲ್ಲಿ ಅಣ್ಣನವರು ಮೊದಲೇ ಬೇಡವೆಂದವುಗಳಲ್ಲಿ ಸುಳ್ಳೂ ಒಂದು. ಆ ವಚನದಲ್ಲಿ ಒಳಗು, ಹೊರಗು ಎಂಬುವು ಬೇರೆ ಬೇರೆ ಎರಡು ಕೆಲಸಗಳಲ್ಲ ಎಂಬುದು ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ. ಮೊದಲು ಹೊರಗನ್ನು ತೊಳೆದು, ಬಿಡುವಾದಾಗ ಒಳಗನ್ನು ನೋಡಿಕೊಳ್ಳುವುದೆಂದು ನಾನು ತಿಳಿದಿದ್ದೆ. ಒಳಗನ್ನು ಬಿಟ್ಟು ಹೊರಗನ್ನು ಬೆಳಗಿದಾಗ ಆ ಬೆಳಗೇ ಸುಳ್ಳಾಗುತ್ತದೆ. ನೋಡುವವರಿಗೆ ಇಲ್ಲದ ಭರವಸೆಯನ್ನು ಕೊಡುತ್ತದೆ. ನನ್ನ ಮಗಳು ಆ ಗಾಡಿಯ ಮೇಲೆ ಕುಳಿತದ್ದು ಅದರ ಹೊಳಪನ್ನು ನಂಬಿ, ನನ್ನನ್ನು ನಂಬಿ.

ಪೂಜೆ ಮುಗಿಸಿ ಎದ್ದು ಅವಳ ಕೋಣೆಯ ಬಾಗಿಲು ತಟ್ಟಿದೆ. ಎಲ್ಲವನ್ನೂ ಹೇಳಿದೆ. ಮೆಕ್ಯಾನಿಕ್ ಎಚ್ಚರಿಸಿದ್ದು, ಸ್ಕ್ರೂ ತಿರುಗಿಸಿದ್ದು, ರಸ್ತೆಯ ಬದಿಯಲ್ಲಿ ಆಡಿದ ಸುಳ್ಳು. ಜೊತೆಗೆ ಅವಳ ತಾತ 2009ರಲ್ಲಿ ಕೇಳಿದ್ದ ಮಾತನ್ನೂ ಹೇಳಿದೆ. ಅವಳು ಏನನ್ನೂ ಹೇಳದೆ ಕೇಳಿಸಿಕೊಂಡಳು. ನಾಲ್ಕು ದಿನ ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಐದನೆಯ ದಿನ, ಎಂಜಿನ್ನನ್ನು ಚಾಸಿಸಿನಿಂದ ಇಳಿಸಲು ನಾನು ಒಬ್ಬನೇ ಒದ್ದಾಡುತ್ತಿದ್ದಾಗ ಬಂದು ಇನ್ನೊಂದು ಬದಿಯನ್ನು ಹಿಡಿದಳು.

ಈ ಬಾರಿ ಕೆಲಸ ಒಳಗಿನಿಂದ ಆರಂಭವಾಯಿತು. ಮೆಕ್ಯಾನಿಕ್ ಹಳೆಯ ಸೀಲುಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಉಗುರಿನಿಂದ ಒತ್ತಿದರೆ ರಬ್ಬರು ಹಪ್ಪಳದಂತೆ ಚೂರಾಯಿತು. ಅವರು ಒಂದು ಆಡುಮಾತನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋಯಿಸಿತು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಹೊಸ ಕನೆಕ್ಟಿಂಗ್ ರಾಡು, ಹೊಸ ಪಿನ್ನು, ಹೊಸ ಬೇರಿಂಗು ಹಾಕಿದೆವು. ಅದನ್ನು ಎರಡು ಸೆಂಟರುಗಳ ನಡುವೆ ನಿಲ್ಲಿಸಿ, ಡಯಲ್ ಗೇಜು ಇಟ್ಟು ತಿರುಗಿಸುತ್ತಾ, ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಓರೆಯನ್ನು ತೆಗೆಯುವುದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಮುಳ್ಳನ್ನು ಓದಿ ಹೇಳುತ್ತಿದ್ದವಳು ಮಗಳು.

ಕಚ್ಚಿಕೊಂಡ ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಗೀರಿತ್ತು. 65 ಮಿಲಿಮೀಟರಿನ ಬೋರು ಅದು. ಬೋರಿಂಗ್ ಮಾಡುವ ಹಿರಿಯರಿಗೆ, "ಅರ್ಧ ಮಿಲಿಮೀಟರ್ ಓವರ್‌ಸೈಜಿಗೆ ಕೊರೆದುಬಿಡಿ, ಗೀರು ಪೂರ್ತಿ ಹೋಗಲಿ" ಎಂದೆ. ಅವರು ಬೋರ್ ಗೇಜು ಇಳಿಸಿ ನಾಲ್ಕು ಕಡೆ ಅಳೆದು ನೋಡಿ, "ಕಾಲು ಮಿಲಿಮೀಟರಿಗೇ ಹೋಗುತ್ತದೆ ಸಾರ್. ಬೇಕಾದ್ದಕ್ಕಿಂತ ಹೆಚ್ಚು ತೆಗೆದರೆ ಲೋಹ ವಾಪಸು ಬರುವುದಿಲ್ಲ. ಮುಂದಿನ ಸಲಕ್ಕೆ ಇರಲಿ" ಎಂದರು. ದೊಡ್ಡದು ಕೊರೆದರೂ ಸಣ್ಣದು ಕೊರೆದರೂ ಅವರಿಗೆ ಸಿಗುತ್ತಿದ್ದ ಕೂಲಿ ಒಂದೇ. ಅಳೆಯುವ ತೊಂದರೆಯನ್ನು ಅವರು ತಾವಾಗಿ ತೆಗೆದುಕೊಂಡರು.

ಅವರ ಮಾತನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದ್ದನ್ನು ಇದ್ದಲ್ಲಿಗೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಬಡತನದಲ್ಲಿದ್ದವರು ಹೆಚ್ಚಿನದ್ದನ್ನು ಬೇಡವೆಂದರು ಎಂಬುದಷ್ಟೇ ಆ ಪ್ರಸಂಗದ ಸಾರವಲ್ಲ. ಇಂದಿಗೆ ಎಷ್ಟು ಬೇಕು ಎಂಬ ಅಳತೆ ಆ ತಾಯಿಗೆ ಖಚಿತವಾಗಿ ಗೊತ್ತಿತ್ತು. ಅಳತೆ ಗೊತ್ತಿದ್ದವರಿಗೆ ಮಾತ್ರ ಹೆಚ್ಚಿನದು ಹೆಚ್ಚೆಂದು ಕಾಣುತ್ತದೆ.

ಈ ಅಳತೆ ನನಗೆ ಕೂಡಲೇ ಬೇಕಾಯಿತು. ಎಂಜಿನ್ ಬಿಚ್ಚಿದ್ದ ಸುದ್ದಿ ತಿಳಿದ ಪರಿಚಯದ ಹುಡುಗರು ಬಂದು ಆಸೆ ಹಚ್ಚಿದರು. ಸಿಲಿಂಡರಿನ ಪೋರ್ಟುಗಳನ್ನು ಉಜ್ಜಿ ಹಿಗ್ಗಿಸಬಹುದು, ದೊಡ್ಡ ಕಾರ್ಬ್ಯುರೇಟರು ಹಾಕಬಹುದು, ರೇಸಿನ ಸೈಲೆನ್ಸರು ಕಟ್ಟಿದರೆ ಗಾಡಿ ಹಾರುತ್ತದೆ ಎಂದರು. ಟೂಲ್‌ರೂಮಿನವನಿಗೆ ಇದೆಲ್ಲ ಕೈಗೆಟಕದ ವಿದ್ಯೆಯಲ್ಲ. ಎರಡು ರಾತ್ರಿ ಅದೇ ಯೋಚನೆಯಲ್ಲಿದ್ದೆ. 16 ಅಶ್ವಶಕ್ತಿಯ ಗಾಡಿಗೆ ಇನ್ನಷ್ಟು ಶಕ್ತಿ ಸೇರಿಸಿದರೆ ಅದರ ಡ್ರಮ್ ಬ್ರೇಕು, ಅದರ ಚಾಸಿಸು ಅದನ್ನು ತಡೆದುಕೊಳ್ಳಬೇಕಲ್ಲ. ಜೊತೆಗೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. 2021ರ ವಿಂಟೇಜ್ ನಿಯಮ ಅನ್ವಯಿಸುವುದು 50 ವರ್ಷ ದಾಟಿದ ವಾಹನಗಳಿಗೆ. ನಮ್ಮದಕ್ಕೆ ಆ ವಯಸ್ಸಾಗಿಲ್ಲ. ಅದು ಎಲ್ಲ ಗಾಡಿಗಳಂತೆ ರಸ್ತೆಯಲ್ಲಿ ಓಡುವ ಸಾಮಾನ್ಯ ಗಾಡಿ.

ಆದ್ದರಿಂದ ಒಂದು ಪಟ್ಟಿ ಬರೆದು ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಇಟ್ಟೆ: ಇದು ಹಿಂದೆ ಕುಳಿತವರ ಜೀವವನ್ನು ಕಾಯುತ್ತದೆಯೋ, ಮುಂದೆ ಕುಳಿತವನ ಅಹಂಕಾರವನ್ನು ಸಾಕುತ್ತದೆಯೋ? ಜೀವ ಕಾಯುವುದನ್ನೆಲ್ಲ ಮಾಡಿಸಿದೆ. ಬ್ರೇಕ್ ಡ್ರಮ್ಮುಗಳನ್ನು ಲೇತಿನಲ್ಲಿ ದುಂಡಗೆ ಮಾಡಿಸಿ ಶೂಗಳಿಗೆ ಹೊಸ ಲೈನಿಂಗು ಹಾಕಿಸಿದೆ. ಮುಂದಿನ ಫೋರ್ಕಿನ ಸೀಲು, ಆಯಿಲು ಬದಲಾದವು. ನಮ್ಮ ಗಾಡಿಯ 6 ವೋಲ್ಟಿನ ದೀಪ ಇಂದಿನ ಹೆದ್ದಾರಿಯಲ್ಲಿ ಹಣತೆಯಂತೆ ಮಿಣುಕುತ್ತಿತ್ತು. ಅದೇ ಮಾದರಿಗೆ ಕಾರ್ಖಾನೆಯವರು ಮುಂದೆ ತಾವೇ ಅಳವಡಿಸಿದ್ದ 12 ವೋಲ್ಟಿನ, ಪಾಯಿಂಟಿಲ್ಲದ ಇಗ್ನಿಷನ್ ವ್ಯವಸ್ಥೆಗೆ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ತೇವವನ್ನು ಹೀರುತ್ತದೆ, ಮಿಶ್ರಣವನ್ನೂ ತುಸು ತೆಳುವಾಗಿಸುತ್ತದೆ. ಅದಕ್ಕೆಂದು ಹೊಸ ಬಗೆಯ ಪೆಟ್ರೋಲ್ ಪೈಪು ಹಾಕಿ, ಕಾರ್ಬ್ಯುರೇಟರಿನ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದೆವು. ಗಾಡಿಯನ್ನು ಹೆಚ್ಚು ದಿನ ನಿಲ್ಲಿಸುವುದಿದ್ದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುತ್ತೇನೆ. ಸೈಲೆನ್ಸರಿನ ಒಳಗಿನ ಕೊಳವೆಗಳನ್ನು ಹೊರಗೆಳೆದು ಮಸಿ ಕೆರೆದೆವು. ಪೋರ್ಟು ಮುಟ್ಟಲಿಲ್ಲ. ಸದ್ದು ಹೆಚ್ಚಿಸಲಿಲ್ಲ.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಅಣ್ಣನವರು ಎಷ್ಟು ಆಳವಾಗಿ ಬಳಸಿದ್ದಾರೆಂಬುದನ್ನು ಬಲ್ಲವರು ಇಲ್ಲಿ ಅನೇಕ ಬಾರಿ ವಿವರಿಸಿದ್ದಾರೆ. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂಬ ಅರ್ಥವನ್ನು ಗಾಡಿಯೊಂದಕ್ಕೆ ಹೊಂದಿಸುವುದು ಹಗುರವಾದೀತೆಂಬ ಅಂಜಿಕೆ ನನಗಿದೆ. ಆದರೂ ಒಂದನ್ನು ಹೇಳಬಯಸುತ್ತೇನೆ. ಓಡಿಸಿದ್ದರಿಂದ ಆ ಸೀಲುಗಳು ಹಾಳಾಗಲಿಲ್ಲ, ಹದಿನೈದು ವರ್ಷ ನಿಲ್ಲಿಸಿದ್ದರಿಂದ ಹಾಳಾದವು. ತಂದೆಯವರ ನೆನಪನ್ನು ನಾನು ತಾಡಪಾಲಿನ ಕೆಳಗೆ ಸ್ಥಾವರವಾಗಿ ಇಟ್ಟಿದ್ದೆ. ಬಣ್ಣ ಬಳಿದಾಗಲೂ ಅದು ಮೆರವಣಿಗೆಯ ಸ್ಥಾವರವೇ ಆಗಿತ್ತು. ಅವರ ಗಾಡಿಯನ್ನು ನಿಜವಾಗಿ ನಡೆಯುವಂತೆ ಮಾಡುವುದೆಂದರೆ ಅವರು ಹೇಗೆ ನಡೆದುಕೊಂಡಿದ್ದರೋ ಹಾಗೆ ನಾನೂ ನಡೆದುಕೊಳ್ಳುವುದು.

ಹೊಸ ಪಿಸ್ಟನ್ನು ಸಿಲಿಂಡರಿಗೆ ಒಗ್ಗಬೇಕಾದರೆ ಮೊದಲ ಸಾವಿರ ಕಿಲೋಮೀಟರು ತಾಳ್ಮೆಯಿಂದ ಓಡಿಸಬೇಕು. ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಆಯಿಲು ಬೆರೆಸಿ, ಜಾಲಹಳ್ಳಿ ಕ್ರಾಸು, ಹೆಸರಘಟ್ಟ ರಸ್ತೆ ಎಂದು ದಿನವೂ ಬೆಳಗಿನ ಹೊತ್ತು ನಾನೊಬ್ಬನೇ ಓಡಿಸಿದೆ. ಸಾವಿರ ಮುಗಿಯಲು ಆರು ತಿಂಗಳು ಹಿಡಿಯಿತು. ಥ್ರಾಟಲ್ ಬಿಟ್ಟ ಕೂಡಲೇ ಎಂಜಿನ್ ಶಾಂತವಾಗಿ ಇಳಿಯುತ್ತಿತ್ತು. ಮಗಳನ್ನು ಮತ್ತೆ ಕರೆಯುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

2024ರ ಜನವರಿ 21ರಂದು ಸಿದ್ಧಗಂಗೆಯಲ್ಲಿ ಪೂಜ್ಯ ಶಿವಕುಮಾರ ಸ್ವಾಮಿಗಳವರ ಪುಣ್ಯಸ್ಮರಣೆ. ಅವರು ಲಿಂಗೈಕ್ಯರಾಗಿ ಅಂದಿಗೆ ಐದು ವರ್ಷ. ನಾನು ಬೆಳಿಗ್ಗೆ ಗಾಡಿಯನ್ನು ಹೊರಗೆ ತೆಗೆಯುತ್ತಿದ್ದಾಗ ಮಗಳು ಹೆಲ್ಮೆಟ್ ಹಿಡಿದು ಬಂದು ನಿಂತಳು. "ಏನೇನು ಬಾಕಿ ಇದೆ ಅಪ್ಪಾಜಿ?" ಎಂದು ಕೇಳಿದಳು. ನಾನು ಯೋಚಿಸಿ ಹೇಳಿದೆ: "ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಸ್ವಲ್ಪ ಮೆತ್ತಗಿದೆಯಮ್ಮ. ಹಳ್ಳ ಬಂದರೆ ಕುಲುಕುತ್ತದೆ. ಅಪಾಯವಿಲ್ಲ. ಉಳಿದದ್ದೆಲ್ಲ ನೀನೇ ಕಣ್ಣಾರೆ ನೋಡಿದ್ದೀ." ಅವಳು ಹಿಂದೆ ಕುಳಿತಳು. ದಾಬಸ್‌ಪೇಟೆಯ ಮುಂಚಿನ ಆ ಜಾಗ ಬಂದಾಗ ಇಬ್ಬರೂ ಮಾತನಾಡಲಿಲ್ಲ. ನನ್ನ ಎರಡು ಬೆರಳು ಕ್ಲಚ್ಚಿನ ಮೇಲಿದ್ದವು. ಶಿವಗಂಗೆಯ ಬೆಟ್ಟ ಎಡಕ್ಕೆ ಕಾಣಿಸಿಕೊಂಡಿತು.

ಗದ್ದುಗೆಗೆ ನಮಸ್ಕರಿಸಿ, ಪ್ರಸಾದ ಸ್ವೀಕರಿಸಿ, ಮಧ್ಯಾಹ್ನದವರೆಗೆ ದಾಸೋಹದಲ್ಲಿ ಎಲೆ ತೆಗೆಯುವ ಸೇವೆ ಮಾಡಿ ಹಿಂದಿರುಗಿದೆವು. ಸಂಜೆ ಮನೆಯ ಮುಂದೆ ಗಾಡಿಯನ್ನು ನಿಲ್ಲಿಸಿ, ಎಂಜಿನ್ನನ್ನು ಕೂಡಲೇ ಆರಿಸದೆ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟೆ. ತಂದೆಯವರು ಮಲಗುತ್ತಿದ್ದ ಕೋಣೆಯ ಕಿಟಕಿ ಆ ಬದಿಗೇ ಇದೆ. ಹದಿನೈದು ವರ್ಷ ತಡವಾಗಿತ್ತು. ಆ ಸಾಲ ಇದರಿಂದ ತೀರಿತೆಂದು ನಾನು ಹೇಳಲಾರೆ.

ಆ ಒಡೆದ ಸೀಲುಗಳಲ್ಲಿ ಒಂದನ್ನು ಉಪಕರಣಗಳ ಪೆಟ್ಟಿಗೆಯ ಮುಚ್ಚಳಕ್ಕೆ ಕಟ್ಟಿದ್ದೇನೆ. ಪೆಟ್ಟಿಗೆ ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಮಗಳು ಈಗ ಗಾಡಿ ನಡೆಸಲು ಕಲಿಯುತ್ತಿದ್ದಾಳೆ. ಕಿಕ್ಕಿನ ಲಿವರನ್ನು ಗೇರಿಗೆ ತಿರುಗಿಸುವುದು ಇನ್ನೂ ಸರಿಯಾಗಿ ಒಗ್ಗಿಲ್ಲ. ಕ್ಲಚ್ಚಿನ ಮೇಲೆ ಎರಡು ಬೆರಳು ಇಡುವುದು ಮಾತ್ರ ಮೊದಲ ದಿನದಿಂದಲೇ ಬಂದಿದೆ.